ನಿಜ ಹೇಳಿದ ಮೇಲೆ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಯಥಾರ್ಥವಾದಿ ಲೋಕವಿರೋಧಿ ಎನ್ನುವುದೂ ಅದೇ ಮಾತು, ತುಸು ಮಡಿ ಉಟ್ಟುಕೊಂಡು ಬಂದದ್ದು. ಎರಡರಲ್ಲೂ ನಮ್ಮ ಮರುಕ ನಿಜ ಹೇಳಿದವನ ಕಡೆಗೇ ಇದೆ. ಒದೆ ತಿಂದವನು ಅವನು, ಒಂಟಿಯಾದವನು ಅವನು. ಎದ್ದು ಬಂದು ಒದ್ದವನಿಗೆ ಏನಾಗಿತ್ತು, ಆ ಮಾತು ಅವನ ಮನೆಯಲ್ಲಿ ಏನನ್ನು ಮುರಿದಿತ್ತು ಎಂದು ಗಾದೆ ಕೇಳುವುದಿಲ್ಲ. ಪತ್ತೇದಾರಿ ಕಾದಂಬರಿಗಳೂ ಸಾಮಾನ್ಯವಾಗಿ ಕೇಳುವುದಿಲ್ಲ. ಕೊಲೆಗಾರ ಯಾರೆಂದು ಗೊತ್ತಾದ ಹತ್ತು ಪುಟಗಳೊಳಗೆ ಪುಸ್ತಕ ಮುಗಿದುಹೋಗುತ್ತದೆ.

ನಾನು ಬಿಡುವಿನಲ್ಲಿ ಓದುವ ಪುಸ್ತಕಗಳಲ್ಲಿ ಅಮೆರಿಕದ ಒಂದು ಜನಪ್ರಿಯ ಪ್ರಕಾರವಿದೆ. ಅಲ್ಲಿನ ಕ್ರೈಸ್ತ ಪ್ರಕಾಶಕರು ಅದನ್ನು ‘ಕ್ರಿಶ್ಚಿಯನ್ ರೊಮ್ಯಾಂಟಿಕ್ ಸಸ್ಪೆನ್ಸ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಒಂದು ಅಪರಾಧ, ಅದರ ಬೆನ್ನು ಹತ್ತಿದ ಒಬ್ಬ ತನಿಖಾಧಿಕಾರಿ, ಅವರ ಬದುಕಿಗೆ ಬರುವ ಒಂದು ಪ್ರೀತಿ, ಇವೆಲ್ಲದರ ಅಡಿಯಲ್ಲಿ ದೇವರನ್ನು ನಂಬುವುದೋ ಬಿಡುವುದೋ ಎಂಬ ಪ್ರಶ್ನೆ. ಡೀ ಹೆಂಡರ್ಸನ್ ಬರೆದ ‘ದಿ ನೆಗೋಶಿಯೇಟರ್’ ಈ ಪ್ರಕಾರದ ಹೆಸರುವಾಸಿ ಕಾದಂಬರಿಗಳಲ್ಲಿ ಒಂದು. ಕಥಾನಾಯಕಿ ಕೇಟ್ ಓಮ್ಯಾಲಿ ಒತ್ತೆಯಾಳುಗಳನ್ನು ಬಿಡಿಸಲು ದುಷ್ಕರ್ಮಿಗಳೊಡನೆ ಮಾತುಕತೆ ನಡೆಸುವ ಅಧಿಕಾರಿ. ಅನಾಥಾಲಯದಲ್ಲಿ ಬೆಳೆದ ಏಳು ಜನ ತಮ್ಮನ್ನು ತಾವೇ ಅಣ್ಣತಮ್ಮ ಅಕ್ಕತಂಗಿಯರೆಂದು ಘೋಷಿಸಿಕೊಂಡು ಒಂದೇ ಮನೆತನದ ಹೆಸರು ಇಟ್ಟುಕೊಂಡಿರುತ್ತಾರೆ. ಕೇಟ್ ಅವರಲ್ಲಿ ಒಬ್ಬಳು. ಅವಳನ್ನು ಮೆಚ್ಚುವ ಎಫ್‌ಬಿಐ ಅಧಿಕಾರಿ ಡೇವ್ ದೈವಭಕ್ತ. ಲೋಕದಲ್ಲಿ ಇಷ್ಟು ಕೇಡು ಕಂಡವಳಿಗೆ ದೇವರು ಹೇಗೆ ಅರ್ಥವಾಗಬೇಕು ಎಂಬುದು ಕೇಟಳ ತಕರಾರು. ಅವಳ ನಂಬಿಕೆಯ ಮಾತು ಇತ್ಯರ್ಥವಾಗುವವರೆಗೆ ಡೇವ್ ತನ್ನ ಪ್ರೀತಿಯನ್ನು ಕಾಯಿಸಿಡುತ್ತಾನೆ.

ಇಂಥ ಪುಸ್ತಕಗಳನ್ನು ಗೇಲಿ ಮಾಡುವುದು ಸುಲಭ. ನನಗೆ ಗೇಲಿ ಮಾಡುವ ಮನಸ್ಸಿಲ್ಲ. ಒಬ್ಬ ಮನುಷ್ಯ ಕಚೇರಿಯಲ್ಲಿ ಸಾಕ್ಷ್ಯದ ಮುಂದೆ ಎಷ್ಟು ಪ್ರಾಮಾಣಿಕನೋ ಮನೆಯಲ್ಲಿ ಪ್ರೀತಿಯ ಮುಂದೆಯೂ ಅಷ್ಟೇ ಪ್ರಾಮಾಣಿಕನಾಗಿರಬೇಕು, ಎರಡಕ್ಕೂ ಎರಡು ತಕ್ಕಡಿ ಇಟ್ಟುಕೊಳ್ಳಬಾರದು ಎಂಬ ಹಟ ಈ ಕಥೆಗಳಲ್ಲಿದೆ. ಅದು ಸಣ್ಣ ಹಟವಲ್ಲ. ಆದರೆ ಅವುಗಳಲ್ಲಿ ಒಂದು ಅನುಕೂಲವೂ ಇದೆ. ಸತ್ಯ, ಪ್ರೀತಿ, ದೇವರು ಮೂವರೂ ಒಂದೇ ರೈಲಿನಲ್ಲಿ ಬಂದು ಒಂದೇ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಸತ್ಯ ಹೊರಬಿದ್ದದ್ದರಿಂದ ಕೆಟ್ಟವನಿಗಲ್ಲದೆ ಬೇರೆ ಯಾರಿಗಾದರೂ ಕೇಡಾದರೆ ಏನು ಮಾಡಬೇಕು ಎಂದು ಕೇಳುವ ಸಂದರ್ಭವೇ ಹೆಚ್ಚಾಗಿ ಬರುವುದಿಲ್ಲ.

ಆ ಪ್ರಶ್ನೆಯನ್ನು ಎದೆಗೊಟ್ಟು ಎದುರಿಸಿದ ಒಂದು ಹಳೆಯ ಕಾದಂಬರಿ ಇದೆ. ಬರೆದವರು ಕ್ರೈಸ್ತ ನಂಬಿಕೆಯ ಲೇಖಕಿ. ಅದೂ ಪ್ರೇಮಕಥೆ, ಅದೂ ಪತ್ತೇದಾರಿಕೆ. ಡೊರೊಥಿ ಎಲ್. ಸೇಯರ್ಸ್ ಅವರ ‘ಗಾಡಿ ನೈಟ್’, 1935ರದ್ದು. ಹೆಸರಿನಲ್ಲಿರುವ ಗಾಡಿ ನಮ್ಮ ಗಾಡಿಯಲ್ಲ. ಆಕ್ಸ್‌ಫರ್ಡ್ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ಔತಣಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಮುಂದೆ ಅದರ ಗುಟ್ಟನ್ನು ಬಿಟ್ಟುಕೊಡದೆ ಚರ್ಚೆ ಸಾಧ್ಯವಿಲ್ಲ. ಓದಬೇಕೆಂದು ಎತ್ತಿಟ್ಟುಕೊಂಡವರು ಕ್ಷಮಿಸಬೇಕು. ಗುಟ್ಟು ತಿಳಿದ ಮೇಲೆ ರುಚಿ ಕೆಡುವ ಪುಸ್ತಕವಂತೂ ಅದಲ್ಲ.

ಸೇಯರ್ಸ್ ಹುಟ್ಟಿದ್ದು 1893ರಲ್ಲಿ, ಆಕ್ಸ್‌ಫರ್ಡಿನಲ್ಲಿ, ಪಾದ್ರಿಯ ಮಗಳಾಗಿ. ಅಲ್ಲಿನ ಸಾಮರ್‌ವಿಲ್ ಕಾಲೇಜಿನಲ್ಲಿ 1915ರಲ್ಲಿ ಓದು ಮುಗಿಸಿ ಪ್ರಥಮ ದರ್ಜೆ ಪಡೆದರೂ ಪದವಿ ಕೈಗೆ ಬಂದಿದ್ದು 1920ರಲ್ಲಿ. ಅಲ್ಲಿಯವರೆಗೆ ಹೆಂಗಸರಿಗೆ ಆ ವಿಶ್ವವಿದ್ಯಾಲಯ ಪದವಿಯನ್ನೇ ಕೊಡುತ್ತಿರಲಿಲ್ಲ. ಪರೀಕ್ಷೆ ಬರೆಯಬಹುದು, ತೇರ್ಗಡೆಯಾಗಬಹುದು, ಅಷ್ಟೆ. ಈ ಹಿನ್ನೆಲೆ ಗೊತ್ತಿದ್ದರೆ ಕಾದಂಬರಿಯ ಆತಂಕ ಅರ್ಥವಾಗುತ್ತದೆ. ಶ್ರೂಸ್‌ಬರಿ ಎಂಬ ಕಲ್ಪಿತ ಮಹಿಳಾ ಕಾಲೇಜಿನಲ್ಲಿ ಯಾರೋ ಹೊಲಸು ಬರೆದ ಅನಾಮಧೇಯ ಪತ್ರಗಳನ್ನು ಹಂಚುತ್ತಿದ್ದಾರೆ, ಪುಸ್ತಕಗಳನ್ನು ಹಾಳುಮಾಡುತ್ತಿದ್ದಾರೆ, ಹಿರಿಯ ಅಧ್ಯಾಪಕಿಯೊಬ್ಬರ ವರ್ಷಗಳ ಶ್ರಮದ ಕರಡಚ್ಚುಗಳನ್ನು ವಿರೂಪಗೊಳಿಸಿದ್ದಾರೆ. ಪೊಲೀಸರನ್ನು ಕರೆದರೆ ಪತ್ರಿಕೆಗಳಿಗೆ ಹಬ್ಬ. ಓದಿದ ಹೆಂಗಸರು ಹೀಗೆಯೇ ಎಂದು ಆಡಿಕೊಳ್ಳಲು ಕಾದಿರುವವರು ಬಹಳ. ಆದ್ದರಿಂದ ಹಳೆಯ ವಿದ್ಯಾರ್ಥಿನಿ, ಪತ್ತೇದಾರಿ ಕಾದಂಬರಿಗಾರ್ತಿ ಹ್ಯಾರಿಯೆಟ್ ವೇನ್‌ಳನ್ನು ಕರೆಸುತ್ತಾರೆ. ಕೊನೆಗೆ ಅವಳು ಲಾರ್ಡ್ ಪೀಟರ್ ವಿಮ್ಸಿಯ ನೆರವು ಕೇಳುತ್ತಾಳೆ.

ಇದರಲ್ಲಿ ಕೊಲೆ ಇಲ್ಲ. ಇರುವುದು ಹಳೆಯದೊಂದು ಕಾಗದದ ಕಥೆ. ಆರ್ಥರ್ ರಾಬಿನ್ಸನ್ ಎಂಬ ಇತಿಹಾಸಕಾರ ಒಂದು ಪ್ರಬಂಧ ಬರೆಯುತ್ತಿದ್ದ. ಅದು ಮುಗಿಯುವ ಹೊತ್ತಿಗೆ ತನ್ನ ವಾದವನ್ನು ಬುಡಸಮೇತ ಕೀಳುವ ಒಂದು ಹಳೆಯ ಪತ್ರ ಅವನ ಕಣ್ಣಿಗೆ ಬಿತ್ತು. ಅವನು ಅದನ್ನು ಬಚ್ಚಿಟ್ಟ, ಪ್ರಬಂಧವನ್ನು ಹಾಗೆಯೇ ಒಪ್ಪಿಸಿದ. ಆ ಪತ್ರದ ಬಗ್ಗೆ ಮೊದಲೇ ತಿಳಿದಿದ್ದ ಮಿಸ್ ಡಿ ವೈನ್ ಎಂಬ ವಿದ್ವಾಂಸೆ ಮೋಸವನ್ನು ಬಯಲು ಮಾಡಿದಳು. ಅವನ ಪದವಿ ಹೋಯಿತು, ವೃತ್ತಿ ಹೋಯಿತು, ಕುಡಿತಕ್ಕೆ ಬಿದ್ದ, ಕೊನೆಗೆ ಆತ್ಮಹತ್ಯೆ ಮಾಡಿಕೊಂಡ. ಅವನ ಹೆಂಡತಿ ಆನಿ ಹೆಸರು ಬದಲಿಸಿಕೊಂಡು ಇದೇ ಕಾಲೇಜಿನಲ್ಲಿ ಕೆಲಸದವಳಾಗಿ ಸೇರಿದ್ದಾಳೆ. ಈಗ ಮಿಸ್ ಡಿ ವೈನ್ ಇಲ್ಲಿಗೇ ಬಂದಿದ್ದಾಳೆ. ಪತ್ರಗಳನ್ನು ಬರೆಯುತ್ತಿದ್ದವಳು ಆನಿ.

ಸಿಕ್ಕಿಬಿದ್ದ ಆನಿ ಅಧ್ಯಾಪಕಿಯರೆಲ್ಲರ ಎದುರು ನಿಂತು ಕೇಳುವ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ನೂರಾರು ವರ್ಷಗಳ ಹಿಂದೆ ಸತ್ತುಹೋದವರ ಬಗ್ಗೆ ಒಂದು ತುಂಡು ಕಾಗದ ಏನು ಹೇಳುತ್ತದೆ ಎಂಬುದರಿಂದ ಯಾರ ಹೊಟ್ಟೆ ತುಂಬುತ್ತಿತ್ತು? ಅದನ್ನು ಮುಚ್ಚಿಟ್ಟದ್ದರಿಂದ ಯಾರ ಹೊಟ್ಟೆಗೆ ಪೆಟ್ಟು ಬೀಳುತ್ತಿತ್ತು? ನೀವು ಕೊಂದದ್ದು ಮಾತ್ರ ಬದುಕಿದ್ದ ಮನುಷ್ಯನನ್ನು, ಇಬ್ಬರು ಮಕ್ಕಳ ತಂದೆಯನ್ನು.

ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಕೇಳಿದವಳ ಕೈ ಕೊಳೆಯಾಗಿದೆ ಎಂದಮಾತ್ರಕ್ಕೆ ಪ್ರಶ್ನೆ ಕೊಳೆಯಾಗುವುದಿಲ್ಲ. ಔಷಧದ ಪ್ರಯೋಗದಲ್ಲಿ ಅಂಕಿ ತಿದ್ದಿದವನನ್ನು ಹಿಡಿದರೆ ಯಾರೂ ತಕರಾರು ಮಾಡರು, ಅಲ್ಲಿ ರೋಗಿಯ ಜೀವ ಇದೆ. ಸೇತುವೆಯ ಲೆಕ್ಕದಲ್ಲಿ ಮೋಸ ಮಾಡಿದವನಿಗೂ ಅಷ್ಟೆ. ಸೇಯರ್ಸ್ ಬೇಕೆಂದೇ ಅಂಥ ಯಾವ ಆಸರೆಯನ್ನೂ ಓದುಗರಿಗೆ ಕೊಟ್ಟಿಲ್ಲ. ಇಲ್ಲಿನ ಸತ್ಯ ಯಾವ ಕೆಲಸಕ್ಕೂ ಬಾರದ್ದು. ಅದು ನಿಜ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಬೆಲೆಯೇ ಇಲ್ಲ. ಅದಕ್ಕೆ ತೆತ್ತ ಬೆಲೆಯೋ ಒಂದು ಜೀವ.

ಆದರೂ ಮಿಸ್ ಡಿ ವೈನ್ ಮಾಡಿದ್ದು ಸರಿ ಎಂದೇ ನನ್ನ ತೀರ್ಮಾನ. ಕಾರಣ ಇದು. ವಿದ್ವತ್ತು ಎನ್ನುವುದು ಒಬ್ಬರ ಮೇಲೊಬ್ಬರು ಇಟ್ಟ ನಂಬಿಕೆಯ ಮೇಲೆ ಕಟ್ಟಿದ ಮನೆ. ನಾನು ನೋಡದ ಶಾಸನವನ್ನು ನೀವು ನೋಡಿ ಹೇಳುತ್ತೀರಿ, ನಾನು ಅದರ ಮೇಲೆ ಮುಂದಿನ ಮಾತು ಬರೆಯುತ್ತೇನೆ. ನೀವು ಒಂದು ಸಾಲನ್ನು ಬೇಕೆಂದೇ ಬಿಟ್ಟಿದ್ದರೆ ನಾನು ಬರೆದದ್ದು, ನನ್ನ ನಂತರದವರು ಬರೆದದ್ದು, ಎಲ್ಲದರ ಅಡಿಗೂ ಗೆದ್ದಲು. ಇನ್ನೊಂದು ಮಾತೂ ಇದೆ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ ಎಂದು ಒಬ್ಬನ ಮೋಸವನ್ನು ಬಿಡುವುದಾದರೆ, ಅದೇ ಹುದ್ದೆಗೆ ಅರ್ಜಿ ಹಾಕಿ ಸತ್ಯ ಬರೆದು ಸೋತವನ ಮನೆಯಲ್ಲೂ ಹೆಂಡತಿ ಮಕ್ಕಳಿರಬಹುದು. ಅವರು ನಮ್ಮ ಎದುರು ಬಂದು ಅಳುವುದಿಲ್ಲ, ಅಷ್ಟೇ ವ್ಯತ್ಯಾಸ. ಕಣ್ಣೆದುರಿನ ಕಣ್ಣೀರಿಗೆ ಮಾತ್ರ ಕರಗುವ ಕರುಣೆ ಅರ್ಧ ಕುರುಡು.

ಇಷ್ಟಕ್ಕೇ ನಿಲ್ಲಿಸಿದ್ದರೆ ‘ಗಾಡಿ ನೈಟ್’ ಒಂದು ಒಳ್ಳೆಯ ವಾದವಾಗಿರುತ್ತಿತ್ತು. ಸೇಯರ್ಸ್ ಮುಂದೆ ಹೋಗುತ್ತಾರೆ. ಎಲ್ಲ ಮುಗಿದ ಮೇಲೆ ಮಿಸ್ ಡಿ ವೈನ್ ತನ್ನನ್ನು ತಾನು ದೂಷಿಸಿಕೊಳ್ಳುತ್ತಾಳೆ, ಆದರೆ ಮೋಸವನ್ನು ಬಯಲು ಮಾಡಿದ್ದಕ್ಕಾಗಿ ಅಲ್ಲ. ಅದು ಬೇರೆ ದಾರಿಯಿಲ್ಲದೆ ಮಾಡಿದ ಕೆಲಸ. ಅವಳನ್ನು ಕಾಡುವುದು ಅದರ ನಂತರದ್ದು. ಆ ಮನುಷ್ಯ ಏನಾದ, ಹೇಗಿದ್ದಾನೆ, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸುವುದು ತನ್ನ ಕೆಲಸವಾಗಿತ್ತು, ತಾನು ವಿಚಾರಿಸಲಿಲ್ಲ. ಕಾಗದವನ್ನು ಕಡೆಯ ಅಕ್ಷರದವರೆಗೆ ಓದಿದವಳು ಮನುಷ್ಯನನ್ನು ಅರ್ಧಕ್ಕೇ ಮುಚ್ಚಿಟ್ಟಳು.

ರಾಘವಾಂಕನ ಹರಿಶ್ಚಂದ್ರನನ್ನು ಪಕ್ಕದಲ್ಲಿಟ್ಟರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹರಿಶ್ಚಂದ್ರನ ಸತ್ಯಕ್ಕೂ ಚಂದ್ರಮತಿ ಮತ್ತು ಲೋಹಿತಾಶ್ವರು ಬೆಲೆ ತೆತ್ತರು. ಆದರೆ ಹರಿಶ್ಚಂದ್ರ ಅವರನ್ನು ಆ ಬೆಂಕಿಗೆ ಕಳಿಸಿ ತಾನು ಅರಮನೆಯಲ್ಲಿ ಉಳಿಯಲಿಲ್ಲ. ತಾನೂ ಮಾರಿಕೊಂಡ, ಸುಡುಗಾಡು ಕಾದ. ಅವನ ಸತ್ಯವನ್ನು ನಾವು ಒಪ್ಪುವುದು ಅವನೂ ಅದರೊಳಗೆ ಬೆಂದ ಕಾರಣಕ್ಕೆ. ವರದಿ ಬರೆದು ಸಹಿ ಹಾಕುವ ನಮ್ಮ ಕಾಲದ ಸತ್ಯವಂತರಿಗೆ ಹಾಗೆ ಬೇಯುವ ಪ್ರಸಂಗವಿಲ್ಲ. ನಿಜ ಹೇಳುವವರು ಒಂದು ಕಡೆ, ಬೆಲೆ ತೆರುವವರು ಇನ್ನೊಂದು ಕಡೆ, ನಡುವೆ ಒಂದು ಕಚೇರಿ. ಮಿಸ್ ಡಿ ವೈನ್ ಕೆಟ್ಟವಳಲ್ಲ. ಆ ಕಚೇರಿ ಅವಳಿಗೆ ಏನನ್ನೂ ಕಾಣಗೊಡಲಿಲ್ಲ.

ಇಂದಿನ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮಗಳನ್ನು ತಂದಿತು. ಸಂಶೋಧನಾ ಪ್ರಬಂಧದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, ಅಲ್ಲಿಂದ ಶೇ. 40ರವರೆಗೆ ಇದ್ದರೆ 6 ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, ಶೇ. 60ರವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನೂ ದಾಟಿದರೆ ನೋಂದಣಿಯೇ ರದ್ದು. ನಿಯಮ ಬೇಕು, ಅದಿಲ್ಲದಿದ್ದರೆ ಬಡವನ ಮಗನಿಗೆ ಒಂದು ನ್ಯಾಯ, ಪ್ರಭಾವಿಯ ಮಗನಿಗೆ ಇನ್ನೊಂದು. ಆದರೆ ಯಾವ ನಿಯಮವೂ ನೋಂದಣಿ ರದ್ದಾದ ಸಂಜೆ ಆ ಹುಡುಗ ಯಾವ ಬಸ್ಸು ಹತ್ತಿದ ಎಂದು ಕೇಳಲಾರದು. ಅದನ್ನು ಕೇಳಲು ಮನುಷ್ಯರೇ ಬೇಕು. ಸಂಶೋಧಕರಿಗೆ ಮಾರ್ಗದರ್ಶನ ಮಾಡುವ ಗೆಳತಿಯೊಬ್ಬರು ಒಮ್ಮೆ ತಮ್ಮ ವಿದ್ಯಾರ್ಥಿಯ ಪ್ರಬಂಧದಲ್ಲಿ ಎರಡು ಅಧ್ಯಾಯ ಕದ್ದದ್ದೆಂದು ತಾವೇ ವರದಿ ಕೊಡಬೇಕಾಯಿತು. ಅವರು ನನಗೆ ಹೇಳಿದ ಮಾತು ನೆನಪಿದೆ: “ವರದಿ ಬರೆಯೋಕೆ ಒಂದು ರಾತ್ರಿ ಸಾಕಾಯ್ತು ಕಣ್ರೀ. ಆಮೇಲೆ ಆರು ತಿಂಗಳು ಅವನಿಗೆ ವಾರಕ್ಕೊಂದು ಸಲ ಫೋನ್ ಮಾಡ್ತಿದ್ದೆ. ಎಷ್ಟೋ ಸಲ ಎತ್ತಲಿಲ್ಲ. ಎತ್ತದಿದ್ರೂ ಮಾಡ್ತಿದ್ದೆ.” ಆ ಫೋನಿಗೆ ಯಾವ ನಿಯಮದಲ್ಲೂ ಕಲಮು ಇಲ್ಲ. ವರದಿಯ ಅರ್ಧ ಭಾಗ ಅದರಲ್ಲೇ ಇತ್ತೆಂದು ನನಗೆ ಅನ್ನಿಸುತ್ತದೆ.

ಇನ್ನು ಪ್ರೀತಿಯ ಮಾತು. ಹ್ಯಾರಿಯೆಟ್ ಮತ್ತು ಪೀಟರ್‌ರ ಕಥೆ 1930ರ ‘ಸ್ಟ್ರಾಂಗ್ ಪಾಯ್ಸನ್’ನಲ್ಲಿ ಶುರುವಾಗುತ್ತದೆ. ತನ್ನ ಪ್ರಿಯಕರನಿಗೆ ವಿಷವಿಟ್ಟ ಆರೋಪ ಹೊತ್ತು ಅವಳು ಕಟಕಟೆಯಲ್ಲಿ ನಿಂತಿದ್ದಾಳೆ. ನಿಜವಾದ ಕೊಲೆಗಾರನನ್ನು ಹುಡುಕಿ ಅವಳನ್ನು ನೇಣಿನಿಂದ ಉಳಿಸಿದವನು ಪೀಟರ್. ಅವನು ಮದುವೆಯ ಮಾತೆತ್ತಿದಾಗಲೆಲ್ಲ ಅವಳು ಬೇಡ ಎನ್ನುತ್ತಾಳೆ; ಜೀವ ಉಳಿಸಿದವನಿಗೆ ಋಣ ತೀರಿಸುವ ಹಾಗೆ ಮದುವೆಯಾದರೆ ಆ ಮದುವೆಯಲ್ಲಿ ತಾನು ಎಂದೂ ನೆಟ್ಟಗೆ ನಿಲ್ಲಲಾರೆ ಎಂಬ ಭಯ ಅವಳಿಗೆ. ವರ್ಷಗಳು ಕಳೆಯುತ್ತವೆ. ಶ್ರೂಸ್‌ಬರಿಯ ರಹಸ್ಯ ಬಿಡಿಸುವಾಗ ಪೀಟರ್ ಒಂದು ಇಕ್ಕಟ್ಟಿಗೆ ಸಿಕ್ಕುತ್ತಾನೆ. ಅಪರಾಧಿ ಗಂಡನ ಮೇಲಿನ ಕುರುಡು ಮೋಹದಿಂದ ಕೇಡಿಗೆ ಇಳಿದ ಹೆಂಡತಿ. ಮದುವೆ ಹೆಣ್ಣಿನ ಬುದ್ಧಿಯನ್ನು ನುಂಗಿಹಾಕುತ್ತದೆ ಎಂಬ ಹ್ಯಾರಿಯೆಟ್‌ಳ ಅಂಜಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ? ಅಂದರೆ ಸತ್ಯ ಹೇಳಿದರೆ ಪೀಟರ್ ತನ್ನ ಆಸೆಯ ಬೇರಿಗೇ ಕೊಡಲಿ ಹಾಕಿಕೊಂಡಂತೆ. ಅವನು ಯಾವುದನ್ನೂ ಮೆತ್ತಗೆ ಮಾಡದೆ ಎಲ್ಲರೆದುರು ಬಿಡಿಸಿಡುತ್ತಾನೆ. ಅಪಾಯವಿದೆ ಎಂದು ಗೊತ್ತಿದ್ದೂ ತನಿಖೆಯಿಂದ ಅವಳನ್ನು ಪಕ್ಕಕ್ಕೆ ಸರಿಸುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಅವಳ ಕೆಲಸವನ್ನು ಕಿತ್ತುಕೊಳ್ಳದವನು ಎಂಬುದಕ್ಕೇ ಅವಳು ಕಡೆಗೆ ಒಪ್ಪುವುದು. ಪೀಟರ್ ಕೇಳುವುದೂ ವಿಶ್ವವಿದ್ಯಾಲಯದ ಪದವಿ ಸಭೆಯ ಲ್ಯಾಟಿನ್ ಭಾಷೆಯಲ್ಲಿ, ಒಬ್ಬ ವಿದ್ವಾಂಸ ಇನ್ನೊಬ್ಬ ವಿದ್ವಾಂಸೆಯನ್ನು ಕೇಳುವಂತೆ.

ಪ್ರೇಮಕಥೆ ಅಲ್ಲಿಗೆ ಮುಗಿಯಬಹುದಿತ್ತು. 1937ರ ‘ಬಸ್‌ಮನ್ಸ್ ಹನಿಮೂನ್’ನಲ್ಲಿ ಅವರ ಮಧುಚಂದ್ರದ ಮನೆಯಲ್ಲೇ ಹೆಣ ಸಿಗುತ್ತದೆ. ಪೀಟರ್ ಕೊಲೆಗಾರನನ್ನು ಹಿಡಿಯುತ್ತಾನೆ, ಹಿಡಿದವನಿಗೆ ತಾನೇ ಒಳ್ಳೆಯ ವಕೀಲರನ್ನು ಗೊತ್ತುಮಾಡುತ್ತಾನೆ. ಗಲ್ಲು ಶಿಕ್ಷೆಯಾದ ಮೇಲೆ ಜೈಲಿಗೆ ಹೋಗಿ ಅವನನ್ನು ಕಾಣುತ್ತಾನೆ. ಅಲ್ಲಿ ಅವನಿಗೆ ಯಾವ ಸಮಾಧಾನವೂ ಸಿಗುವುದಿಲ್ಲ. ಬೆಳಿಗ್ಗೆ ನೇಣು ಹಾಕುವ ಹೊತ್ತಿಗೆ ಕಾದು ಕೂತು, ಗಂಟೆ ಬಡಿದಾಗ ಹೆಂಡತಿಯ ಮಡಿಲಲ್ಲಿ ಅಳುತ್ತಾನೆ. ಆ ಕೊಲೆಗಾರ ನಿರಪರಾಧಿಯಲ್ಲ. ಪೀಟರ್ ಮಾಡಿದ್ದು ತಪ್ಪೂ ಅಲ್ಲ. ಆದರೂ ತನ್ನ ಸತ್ಯ ಒಂದು ಕೊರಳಿಗೆ ಹಗ್ಗವಾದ ಹೊತ್ತಿನಲ್ಲಿ ನಿದ್ದೆ ಮಾಡದಷ್ಟು ಮನುಷ್ಯನಾಗಿ ಅವನು ಉಳಿದಿದ್ದಾನೆ. ಮಿಸ್ ಡಿ ವೈನ್ ಮಾಡದೆ ಬಿಟ್ಟದ್ದನ್ನು ಪೀಟರ್ ಮಾಡುತ್ತಾನೆ: ತಾನು ಹೇಳಿದ ನಿಜದ ಜೊತೆ ಅದರ ಕೊನೆಯವರೆಗೆ ಹೋಗುತ್ತಾನೆ. ಈ ಪುಟಗಳಿಲ್ಲದಿದ್ದರೆ ಅವನು ಬರೀ ಜಾಣ.

ಇದರಲ್ಲಿ ದೇವರೆಲ್ಲಿ? ಪೀಟರ್ ಭಕ್ತನಲ್ಲ. ಅವನು ಒಂದಲ್ಲ ಒಂದು ದಿನ ಕ್ರೈಸ್ತ ನಂಬಿಕೆಗೆ ಬರುತ್ತಾನಲ್ಲವೇ ಎಂದು ಓದುಗರೊಬ್ಬರು ಆಸೆಪಟ್ಟದ್ದನ್ನು ಸೇಯರ್ಸ್ 1941ರ ‘ದಿ ಮೈಂಡ್ ಆಫ್ ದಿ ಮೇಕರ್’ ಕೃತಿಯಲ್ಲಿ ಹೇಳಿಕೊಂಡಿದ್ದಾರೆ. ಅವರ ಉತ್ತರ ಖಡಾಖಂಡಿತ: ಅದು ಆ ಪಾತ್ರದ ಸ್ವಭಾವವಲ್ಲ. ಯೇಸುವಿನ ಬದುಕನ್ನು ಬಿಬಿಸಿ ರೇಡಿಯೊಗೆ ನಾಟಕಮಾಲೆಯಾಗಿ ಬರೆದವರು, ದಾಂತೆಯನ್ನು ಅನುವಾದಿಸಲು ಕೊನೆಯ ವರ್ಷಗಳನ್ನೆಲ್ಲ ಕೊಟ್ಟವರು, ತಮ್ಮ ಅತ್ಯಂತ ಜನಪ್ರಿಯ ಪಾತ್ರವನ್ನು ಮಾತ್ರ ತಮ್ಮ ನಂಬಿಕೆಗೆ ತಿರುಗಿಸಲಿಲ್ಲ. ತಾನು ಸತ್ಯವೆಂದು ನಂಬಿದ್ದರ ಪರವಾಗಿಯೂ ಸುಳ್ಳು ಸಾಕ್ಷ್ಯ ಸೃಷ್ಟಿಸಬಾರದು ಎಂಬ ಶಿಸ್ತು ಅದು. ರಾಬಿನ್ಸನ್ ತನ್ನ ವಾದ ಉಳಿಸಲು ಕಾಗದ ಬಚ್ಚಿಟ್ಟ. ಸೇಯರ್ಸ್ ತನ್ನ ದೇವರಿಗಾಗಿಯೂ ಒಂದು ಪಾತ್ರವನ್ನು ತಿದ್ದಲಿಲ್ಲ. ಕೇಟ್ ಮತ್ತು ಡೇವ್‌ರ ಕಥೆಯಂಥವುಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಇದೇ. ನಾಯಕಿ ಕಡೆಗೆ ನಂಬಲೇಬೇಕು ಎಂದು ಮೊದಲ ಪುಟದಲ್ಲೇ ತೀರ್ಮಾನವಾಗಿದ್ದರೆ ಅವಳ ಸಂಶಯಕ್ಕೆ ಪೂರ್ತಿ ಬಾಯಿ ಸಿಗುವುದಿಲ್ಲ.

ಸೇಯರ್ಸ್ ಬದುಕಿನ ಒಂದು ಸಂಗತಿಯನ್ನು ಮುಂದಿಟ್ಟು ಇದನ್ನೆಲ್ಲ ಅಲ್ಲಗಳೆಯುವವರಿದ್ದಾರೆ. 1924ರಲ್ಲಿ, ಮದುವೆಗೆ ಮುಂಚೆ, ಅವರಿಗೆ ಒಬ್ಬ ಮಗ ಹುಟ್ಟಿದ. ಮಗುವನ್ನು ಸೋದರಸಂಬಂಧಿಯೊಬ್ಬರು ಸಾಕಿದರು. ತಾಯಿ ಯಾರೆಂಬುದು ಲೋಕಕ್ಕೆ ತಿಳಿದದ್ದು 1957ರಲ್ಲಿ ಅವರು ತೀರಿಕೊಂಡ ಮೇಲೆ. 1943ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಕೊಡಲು ಮುಂದಾದ ದೈವಶಾಸ್ತ್ರದ ಗೌರವ ಡಾಕ್ಟರೇಟನ್ನು ಅವರು ಬೇಡವೆಂದರು. ಸತ್ಯದ ಬಗ್ಗೆ ಅಷ್ಟು ಬರೆದವಳು ತನ್ನದನ್ನು ಮುಚ್ಚಿಟ್ಟಳಲ್ಲ ಎನ್ನುವುದು ಆಕ್ಷೇಪ. ನಾನು ಒಪ್ಪುವುದಿಲ್ಲ. ಇತರರು ನೆಚ್ಚಿ ನಡೆಯುವ ಸಾಕ್ಷ್ಯವನ್ನು ಬಚ್ಚಿಡುವುದು ಬೇರೆ, ಇತರರಿಗೆ ಸಂಬಂಧಪಡದ ತನ್ನ ನೋವನ್ನು ಬೀದಿಗೆ ತಾರದಿರುವುದು ಬೇರೆ. ರಾಬಿನ್ಸನ್ನನ ಕಾಗದ ಎಲ್ಲ ಇತಿಹಾಸಕಾರರಿಗೂ ಸೇರಿದ್ದು. ಈ ಮೌನದ ಲೆಕ್ಕ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಆ ಮಗನಿಗೆ ಮಾತ್ರ. ಬಯಲು ಮಾಡಬಲ್ಲ ಎಲ್ಲವನ್ನೂ ಬಯಲು ಮಾಡುವುದೇ ಪ್ರಾಮಾಣಿಕತೆ ಎಂದುಕೊಂಡಿರುವ ನಮ್ಮ ದಿನಗಳಲ್ಲಿ ಈ ಗೆರೆಯನ್ನು ನೆನಪಿಟ್ಟುಕೊಳ್ಳಬೇಕು. ಯಾರ ಸತ್ಯ, ಯಾರಿಗೆ ಸಲ್ಲಬೇಕಾದದ್ದು ಎಂದು ಕೇಳದೆ ಹೊರಟ ಪತ್ತೇದಾರಿಕೆ ಚಾಡಿಗೆ ತೀರ ಹತ್ತಿರ.

‘ಗಾಡಿ ನೈಟ್’ ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಪೀಟರ್‌ನೂ ಅಲ್ಲ, ಹ್ಯಾರಿಯೆಟ್‌ಳೂ ಅಲ್ಲ. ಆನಿಯ ಇಬ್ಬರು ಹೆಣ್ಣುಮಕ್ಕಳು ಒಂದೆಡೆ ಸುಮ್ಮನೆ ಬಂದು ಹೋಗುತ್ತಾರೆ. ಅವರಲ್ಲಿ ಒಬ್ಬಳಿಗೆ ದೊಡ್ಡವಳಾದ ಮೇಲೆ ಮೋಟಾರ್ ಬೈಕ್ ಓಡಿಸುವ, ಗ್ಯಾರೇಜ್ ನಡೆಸುವ ಆಸೆ. ಅದೆಲ್ಲ ಗಂಡಸರ ಕೆಲಸ ಎಂದು ತಾಯಿ ಗದರುತ್ತಾಳೆ. ಆ ಹುಡುಗಿಯ ತಂದೆ ಹಳೆಯ ಕಾಗದದ ಸತ್ಯಕ್ಕೆ ಹೋದ, ತಾಯಿ ಕಾಲೇಜಿನ ಸತ್ಯಕ್ಕೆ ಹೋದಳು. ಎರಡು ಸಲವೂ ನಿಜ ಹೇಳಿದವರು ಸರಿಯಾಗಿಯೇ ಇದ್ದರು. ಹಾಗಿದ್ದ ಮೇಲೆ ಅವಳಿಗೆ ಒಂದು ಗ್ಯಾರೇಜ್ ಹಾಕಿಕೊಡುವ ಕೆಲಸ ಯಾರದು? ಸರಿಯಾಗಿದ್ದವರದು ಎಂದೇ ನನ್ನ ನಂಬಿಕೆ.